ಕ್ಲಚ್ ಜಾರುತ್ತದೆ, ಗೇರೂ ಕರಕರ ಎನ್ನುತ್ತದೆ: ಹಳೇ ಟ್ರ್ಯಾಕ್ಟರ್ ಬಿಚ್ಚುವ ಮೊದಲು ಏನು ನೋಡಬೇಕು?

ಕೆಂಪುಮಣ್ಣು

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಮೂರು ಸಿಲಿಂಡರಿನ ಹಳೇ ಡೀಸೆಲ್ ಟ್ರ್ಯಾಕ್ಟರ್ ಇದೆ. ಡಬಲ್ ಕ್ಲಚ್, ಅಂದರೆ ಚಕ್ರಕ್ಕೊಂದು, ಹಿಂದೆ ಕಟ್ಟುವ ಯಂತ್ರ ತಿರುಗಿಸುವ ಶಾಫ್ಟಿಗೊಂದು ಪ್ಲೇಟ್, ಪೆಡಲ್ ಒಂದೇ. ಬೇರೆಯವರು ಓಡಿಸಿ ಮಾರಿದ್ದು. ಎಂಜಿನ್ ಚೆನ್ನಾಗಿದೆ, ಹೊಗೆ ಇಲ್ಲ, ಬೆಳಿಗ್ಗೆ ಸಲೀಸಾಗಿ ಸ್ಟಾರ್ಟ್ ಆಗುತ್ತದೆ. ತೊಂದರೆ ಇರುವುದು ಕ್ಲಚ್ಚಿನಲ್ಲಿ.

ಲೋಡ್ ಟ್ರೇಲರ್ ಕಟ್ಟಿಕೊಂಡು ಏರು ಹತ್ತುವಾಗ ಎಂಜಿನ್ ರೇಸ್ ಏರುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ಸುಟ್ಟ ವಾಸನೆಯೂ ಬರುತ್ತದೆ. ಸರಿ, ಪ್ಲೇಟ್ ಸವೆದಿದೆ ಅಂದುಕೊಳ್ಳೋಣ ಅಂದರೆ, ರಿವರ್ಸ್ ಹಾಕುವಾಗ ಪೆಡಲ್ ಪೂರ್ತಿ ಒತ್ತಿದರೂ ಗೇರ್ ಕರಕರ ಎನ್ನುತ್ತದೆ. ಒಮ್ಮೊಮ್ಮೆ ಪೆಡಲ್ ಒತ್ತಿಕೊಂಡೇ ಇದ್ದರೂ ಗಾಡಿ ನಿಧಾನಕ್ಕೆ ಮುಂದೆ ಜರುಗುತ್ತದೆ. ಕ್ಲಚ್ ಹಿಡಿಯುತ್ತಿಲ್ಲವೋ ಬಿಡುತ್ತಿಲ್ಲವೋ, ಎರಡೂ ಒಟ್ಟಿಗೆ ಹೇಗೆ ಆಗುತ್ತದೆ?

ತೋರಿಸಿದ ಮೆಕ್ಯಾನಿಕ್ ಟ್ರ್ಯಾಕ್ಟರನ್ನು ಮಧ್ಯಕ್ಕೆ ಬಿಚ್ಚಿ ಪೂರ್ತಿ ಸೆಟ್ ಹಾಕಬೇಕು ಅಂದರು. ಬಿಚ್ಚಿಸಲು ನನ್ನ ತಕರಾರಿಲ್ಲ. ಆದರೆ ಕಾರಣ ಗೊತ್ತಾಗದೆ ಬಿಚ್ಚಿ, ಹೊಸ ಸಾಮಾನು ಹಾಕಿದ ಮೇಲೂ ಅದೇ ತೊಂದರೆ ಬಂದರೆ ಏನು ಮಾಡುವುದು? ಬಿಚ್ಚುವ ಮೊದಲು ಹೊರಗಿನಿಂದಲೇ ಏನೇನು ನೋಡಬಹುದು, ತಿಳಿದವರು ಹೇಳಿ.

ಗ್ರೀಸ್‌ಗನ್

ಸರಿಯಾದ ಪ್ರಶ್ನೆ. ಕ್ಲಚ್ ಜಾರುವುದು ಒಂದು ರೋಗ, ಕ್ಲಚ್ ಪೂರ್ತಿ ಬಿಡದೇ ಇರುವುದು ಅದಕ್ಕೆ ತದ್ವಿರುದ್ಧ ರೋಗ. ಒಂದಕ್ಕೆ ಮಾಡುವ ಅಡ್ಜಸ್ಟ್‌ಮೆಂಟ್ ಇನ್ನೊಂದನ್ನು ಜಾಸ್ತಿ ಮಾಡುತ್ತದೆ. ಹಾಗಾಗಿ ಯಾವುದು ಮೊದಲು ಬಂತು ಅನ್ನುವುದನ್ನು ಕಂಡುಹಿಡಿಯದೆ ಸ್ಪ್ಯಾನರ್ ಮುಟ್ಟಬೇಡಿ.

ಮೊದಲ ಕೆಲಸ ಪೆಡಲ್ ಪ್ಲೇ ನೋಡುವುದು. ಎಂಜಿನ್ ಆಫ್ ಮಾಡಿ. ಕಾಲಲ್ಲಿ ಬೇಡ, ಕೈಯಲ್ಲೇ ಪೆಡಲ್ ಒತ್ತಿ. ಮೊದಲು ಸ್ವಲ್ಪ ದೂರ ಸುಮ್ನೆ ಸಡಿಲವಾಗಿ ಹೋಗಬೇಕು, ಆಮೇಲೆ ಗಟ್ಟಿ ಸಿಗಬೇಕು. ಆ ಸಡಿಲ ದೂರವೇ ಪ್ಲೇ. ಹಳೇ ಟ್ರ್ಯಾಕ್ಟರುಗಳಲ್ಲಿ ಸಾಮಾನ್ಯವಾಗಿ ಅದು 25ರಿಂದ 40 ಮಿಲಿಮೀಟರ್ ಇರುತ್ತದೆ. ನಿಮ್ಮ ಮಾದರಿಯ ಪುಸ್ತಕದಲ್ಲಿ ಏನಿದೆಯೋ ಅದೇ ಕೊನೆಯ ಮಾತು. ಅಳೆದು ಹೇಳಿ.

ಮೂರನೇ ಗೇರ್

ಸುಟ್ಟ ವಾಸನೆ ಬಂದ ಮೇಲೆ ಇನ್ನೇನು ಅಳೆಯುವುದು ಅಣ್ಣಾ, ಪ್ಲೇಟ್ ಹೋಗಿದೆ. ಏರಿನಲ್ಲಿ ಎಳೆಯುತ್ತಿಲ್ಲ ಅಂದರೆ ಪ್ಲೇಟಿನ ಉಜ್ಜುವ ಪದರ, ಅಂದರೆ ಲೈನಿಂಗ್, ಮುಗಿದು ಅದನ್ನು ಹಿಡಿದ ರಿವಿಟ್ ಕಾಣುತ್ತಿರುತ್ತದೆ. ರಿವಿಟ್ ಫ್ಲೈವೀಲ್ (ಎಂಜಿನ್ ಹಿಂದಿನ ಭಾರದ ಚಕ್ರ) ಮೇಲೆ ಗೆರೆ ಹಾಕುವ ಮೊದಲು ಬಿಚ್ಚಿಸಿ.

ಗ್ರೀಸ್‌ಗನ್

ಪ್ಲೇಟ್ ಮುಗಿದಿರಲೂಬಹುದು, ಇಲ್ಲ ಎನ್ನುತ್ತಿಲ್ಲ. ಆದರೆ ಗೇರ್ ಕರಕರ ಎನ್ನುವುದಕ್ಕೆ ಸವೆದ ಪ್ಲೇಟ್ ಕಾರಣ ಕೊಡುವುದಿಲ್ಲ. ಪ್ಲೇಟ್ ಸವೆದು ತೆಳ್ಳಗಾದರೆ ಸ್ಪ್ರಿಂಗ್ ಬಲದಿಂದ ಅದನ್ನು ಒತ್ತಿಹಿಡಿಯುವ ಪ್ರೆಷರ್ ಪ್ಲೇಟ್ ಫ್ಲೈವೀಲ್ ಕಡೆಗೆ ಸರಿಯುತ್ತದೆ. ಆಗ ಪ್ರೆಷರ್ ಪ್ಲೇಟನ್ನು ಎಳೆದು ಬಿಡಿಸುವ ಸನ್ನೆಗಳಾದ ಫಿಂಗರುಗಳ ಒಳತುದಿ ಹಿಂದಕ್ಕೆ, ಅಂದರೆ ಪೆಡಲ್ ಒತ್ತಿದಾಗ ಅವನ್ನು ತಳ್ಳುವ ರಿಲೀಸ್ ಬೇರಿಂಗಿನ ಕಡೆಗೆ ಬರುತ್ತದೆ. ಹೀಗಾಗಿ ಲೈನಿಂಗ್ ಸವೆದಂತೆಲ್ಲ ಪೆಡಲ್ ಪ್ಲೇ ಕಡಿಮೆಯಾಗುತ್ತಾ ಹೋಗುತ್ತದೆ. ಪೆಡಲ್ ಒಳ್ಳೇ ಮೇಲೆ ಇದೆ, ಮುಟ್ಟಿದ ಕೂಡಲೇ ಗಟ್ಟಿ ಸಿಗುತ್ತದೆ ಅಂದರೆ ಎಷ್ಟೋ ಜನ ಕ್ಲಚ್ ಚೆನ್ನಾಗಿದೆ ಅಂದುಕೊಳ್ಳುತ್ತಾರೆ. ನಿಜವಾಗಿ ಅದೇ ಅಪಾಯದ ಗುರುತು. ಪ್ಲೇ ಪೂರ್ತಿ ಮುಗಿದರೆ ಬೇರಿಂಗ್ ಯಾವಾಗಲೂ ಫಿಂಗರನ್ನು ಒತ್ತಿಕೊಂಡೇ ಇರುತ್ತದೆ, ಸ್ಪ್ರಿಂಗಿನ ಬಲ ಪ್ಲೇಟಿಗೆ ಪೂರ್ತಿ ಸಿಗುವುದಿಲ್ಲ, ಕ್ಲಚ್ ಜಾರುತ್ತದೆ. ಅಷ್ಟೇ ಅಲ್ಲ, ರಿಲೀಸ್ ಬೇರಿಂಗ್ ಕೂಡ ಬಿಡುವಿಲ್ಲದೆ ತಿರುಗಿ ಸುಡುತ್ತದೆ. ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಓಡಿಸುವವರ ಗಾಡಿಯಲ್ಲೂ ಇದೇ ಆಗುವುದು.

ನೊಗ

ಇನ್ನೊಂದು ನೋಡಿ. ಪೆಡಲಿನಿಂದ ಹೌಸಿಂಗ್ (ಕ್ಲಚ್ಚಿನ ಹೊರಗವಚ) ಕಡೆಗೆ ಹೋಗುವ ರಾಡ್ ಇರುತ್ತದಲ್ಲ, ಅದರ ಮರೆ (ನಟ್ ತಿರುಗುವ ಸುರುಳಿ ಗೆರೆ) ಮತ್ತು ಲಾಕ್ ನಟ್ ಗಮನಿಸಿ. ಎಷ್ಟೋ ವರ್ಷ ಒಂದೇ ಜಾಗದಲ್ಲಿದ್ದ ನಟ್ಟಿನ ಅಡಿ ಬಣ್ಣ, ತುಕ್ಕು, ಹಳೇ ಗ್ರೀಸ್ ಗೆರೆ ಉಳಿದಿರುತ್ತದೆ. ನಟ್ ಆ ಗೆರೆಯಿಂದ ದೂರ ಇದ್ದರೆ, ಇತ್ತೀಚೆಗೆ ಯಾರೋ ತಿರುಗಿಸಿದ್ದಾರೆ ಎಂದು ಅರ್ಥ. ಬೇರೆಯವರಿಂದ ಬಂದ ಗಾಡಿ ಅಂದಿರಿ, ಅದಕ್ಕೇ ಹೇಳಿದೆ.

ಕೆಂಪುಮಣ್ಣು

ನೊಗ ಅವರೇ, ಪೆಡಲ್ ಪ್ಲೇ ಇಲ್ಲವೇ ಇಲ್ಲ. ಕೈ ಇಟ್ಟ ಕೂಡಲೇ ಗಟ್ಟಿ. ರಾಡಿನ ಮರೆಯನ್ನು ಡೀಸೆಲ್ ಹಾಕಿ ಒರೆಸಿ ನೋಡಿದೆ. ಹಳೇ ತುಕ್ಕಿನ ಗೆರೆಗೂ ಈಗ ನಟ್ ಇರುವ ಜಾಗಕ್ಕೂ ಹೆಬ್ಬೆರಳಿನ ಉಗುರಿನಷ್ಟು ಅಂತರ ಇದೆ. ಲಾಕ್ ನಟ್ ಮೂಲೆಗಳಲ್ಲಿ ಹೊಸ ಸ್ಪ್ಯಾನರ್ ಗುರುತೂ ಇದೆ. ಅಂದರೆ ಮಾರುವ ಮೊದಲು ರಾಡನ್ನು ಬಿಗಿ ಮಾಡಿದ್ದಾರೆ.

ಗ್ರೀಸ್‌ಗನ್

ಹಾಗಾದರೆ ಗಂಟು ಅರ್ಧ ಬಿಚ್ಚಿತು. ಮೊದಲು ಬಂದ ರೋಗ ಗೇರ್ ಕರಕರ, ಅಂದರೆ ಕ್ಲಚ್ ಬಿಡದೇ ಇರುವುದು. ಅದನ್ನು ಮರೆಸಲು ರಾಡ್ ಬಿಗಿ ಮಾಡಿ ಪ್ಲೇ ತಿಂದಿದ್ದಾರೆ. ಅದರಿಂದ ಜಾರುವ ರೋಗ ಹುಟ್ಟಿದೆ. ಅಷ್ಟಾದರೂ ಗೇರ್ ಶಬ್ದ ಹೋಗಿಲ್ಲ ಅಂದರೆ ಮೂಲ ಕಾರಣ ರಾಡಿನಲ್ಲಿ ಇಲ್ಲ, ಒಳಗಿದೆ ಅಥವಾ ರಿಲೀಸ್ ಬೇರಿಂಗನ್ನು ತಳ್ಳುವ ಫೋರ್ಕಿನ ಶಾಫ್ಟಿನಲ್ಲಿದೆ.

ಈಗ ರಾಡನ್ನು ಹಿಂದಕ್ಕೆ ಬಿಟ್ಟು ಪುಸ್ತಕದ ಪ್ರಕಾರ ಪ್ಲೇ ಕೊಡಿ. ಆಮೇಲೆ ಜಾರುವ ಪರೀಕ್ಷೆ ಮಾಡಿ. ಸಮತಟ್ಟು ನೆಲ ಇರಲಿ, ಮುಂದೆ ಹಿಂದೆ ಜನ, ಗೋಡೆ, ದನ ಏನೂ ಇರಬಾರದು. ಎರಡೂ ಬ್ರೇಕ್ ಪೆಡಲ್ ಲಾಕ್ ಹಾಕಿ ಒಟ್ಟಿಗೆ ಒತ್ತಿಹಿಡಿಯಿರಿ. ಎಲ್ಲಕ್ಕಿಂತ ಮೇಲಿನ ಗೇರ್ ಹಾಕಿ, ಅರ್ಧ ರೇಸ್ ಕೊಟ್ಟು ಕ್ಲಚ್ಚನ್ನು ನಿಧಾನಕ್ಕೆ ಬಿಡಿ. ಕ್ಲಚ್ ಹಿಡಿತ ಇದ್ದರೆ ಎಂಜಿನ್ ಭಾರ ತಾಳದೆ ಆಫ್ ಆಗಬೇಕು. ಪೆಡಲ್ ಪೂರ್ತಿ ಬಿಟ್ಟರೂ ಎಂಜಿನ್ ಆರಾಮಾಗಿ ಓಡುತ್ತಿದ್ದರೆ ಪ್ಲೇಟ್ ಜಾರುತ್ತಿದೆ, ತಕ್ಷಣ ಪೆಡಲ್ ಒತ್ತಿಬಿಡಿ. ಮತ್ತೆ ಮತ್ತೆ ಮಾಡಬೇಡಿ, ಪ್ರತಿ ಸಲವೂ ಲೈನಿಂಗ್ ಸುಡುತ್ತದೆ.

ಬಿಡುವ ಪರೀಕ್ಷೆ ಬೇರೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಐಡಲ್ ಇಟ್ಟು ಪೆಡಲ್ ಪೂರ್ತಿ ಒತ್ತಿ. ನಿಧಾನಕ್ಕೆ ಹತ್ತು ಎಣಿಸಿ. ಅಷ್ಟರಲ್ಲಿ ಗೇರ್ ಬಾಕ್ಸಿನ ಶಾಫ್ಟ್ ತಿರುಗುವುದು ನಿಲ್ಲಬೇಕು. ಆಮೇಲೂ ರಿವರ್ಸ್ ಕರಕರ ಎಂದರೆ ಪ್ಲೇಟನ್ನು ಏನೋ ತಿರುಗಿಸುತ್ತಲೇ ಇದೆ. ಹತ್ತು ಎಣಿಸಿದ ಮೇಲೆ ಸಲೀಸಾಗಿ ಬಿದ್ದರೆ ಅವಸರದಲ್ಲಿ ಗೇರ್ ಹಾಕುವುದೇ ಕಾರಣ ಇರಬಹುದು. ಸಿಂಕ್ರೋ (ಗೇರುಗಳ ವೇಗ ಹೊಂದಿಸುವ ಭಾಗ) ಇಲ್ಲದ ಹಳೇ ಗೇರ್ ಬಾಕ್ಸುಗಳು ಆ ತಾಳ್ಮೆ ಕೇಳುತ್ತವೆ.

ಬದುವಿನ ಹುಲ್ಲು

ನಡುವೆ ಬಂದು ಕೇಳುತ್ತಿದ್ದೇನೆ, ಕ್ಷಮಿಸಿ. ನಮ್ಮದು ಬಹಳ ಹಳೇ ಸಿಂಗಲ್ ಕ್ಲಚ್ ಟ್ರ್ಯಾಕ್ಟರ್. ಗೇರ್ ಚೆನ್ನಾಗಿ ಬೀಳುತ್ತದೆ. ಆದರೆ ಪಿಟಿಒದಲ್ಲಿ (ಹಿಂದೆ ಕಟ್ಟುವ ಯಂತ್ರ ತಿರುಗಿಸುವ ಶಾಫ್ಟ್) ಹುಲ್ಲು ಕತ್ತರಿಸುವ ಯಂತ್ರ ಹಾಕಿದಾಗ ಮಾತ್ರ ಕ್ಲಚ್ ಒತ್ತಿದರೂ ಗಾಡಿ ನಿಲ್ಲುವುದಿಲ್ಲ, ಮುಂದೆ ತಳ್ಳಿಕೊಂಡು ಹೋಗುತ್ತದೆ. ಇದೂ ಕ್ಲಚ್ ಬಿಡದೇ ಇರುವುದೇ ಅಲ್ವಾ?

ನೊಗ

ಅಲ್ಲ. ನಿಮ್ಮ ಕ್ಲಚ್ ಬಿಡುತ್ತಿದೆ. 1946ರಲ್ಲಿ ಬಂದ ಫರ್ಗ್ಯುಸನ್ ಟಿಇ20 ತರಹದ ಸಿಂಗಲ್ ಕ್ಲಚ್ ಗಾಡಿಗಳಲ್ಲಿ ಪಿಟಿಒ ಶಾಫ್ಟಿಗೂ ಚಕ್ರಕ್ಕೂ ಬಲ ಹೋಗುವುದು ಒಂದೇ ಕ್ಲಚ್ಚಿನ ಹಿಂದಿನಿಂದ. ಪೆಡಲ್ ಒತ್ತಿದರೆ ಎಂಜಿನ್ ಮಾತ್ರ ಬೇರೆಯಾಗುತ್ತದೆ. ಪಿಟಿಒ ಮತ್ತು ಗೇರ್ ಬಾಕ್ಸ್ ಒಂದಕ್ಕೊಂದು ಸೇರಿಕೊಂಡೇ ಇರುತ್ತವೆ. ಕತ್ತರಿಸುವ ಬ್ಲೇಡುಗಳು ಭಾರ. ಅವು ತಮ್ಮ ವೇಗದಲ್ಲೇ ತಿರುಗುತ್ತಾ ಹಿಂದಿನಿಂದ ಗೇರ್ ಬಾಕ್ಸನ್ನು ತಿರುಗಿಸಿ ಗಾಡಿಯನ್ನು ತಳ್ಳುತ್ತವೆ. ಬೇಲಿ, ಕಾಲುವೆ ಪಕ್ಕ ಇದು ನಿಜಕ್ಕೂ ಅಪಾಯ.

ಪಿಟಿಒ ಶಾಫ್ಟಿಗೆ ಓವರ್‌ರನ್ನಿಂಗ್ ಕಪ್ಲರ್ ಹಾಕಿಸಿ. ಟ್ರ್ಯಾಕ್ಟರ್ ಯಂತ್ರವನ್ನು ತಿರುಗಿಸಬಹುದು, ಯಂತ್ರ ಟ್ರ್ಯಾಕ್ಟರನ್ನು ತಿರುಗಿಸಲಾಗದು, ಅಷ್ಟೇ ಅದರ ಕೆಲಸ. ಕಪ್ಲರ್ ಸೇರಿದ ಮೇಲೆ ಶಾಫ್ಟಿನ ಉದ್ದ ಜಾಸ್ತಿ ಆಗುತ್ತದೆ, ಅದನ್ನು ಸರಿಹೊಂದಿಸಿಕೊಳ್ಳಿ. ಕಾವಲು ಕವರ್ ಹಾಕದೆ ಓಡಿಸಬೇಡಿ.

ಕೆಂಪುಮಣ್ಣು

ಪ್ಲೇ ಕೊಟ್ಟೆ. ಜಾರುವುದು ಬಹಳ ಕಡಿಮೆಯಾಯಿತು. ಮೇಲಿನ ಗೇರಿನಲ್ಲಿ ಪರೀಕ್ಷೆ ಮಾಡಿದಾಗ ಎಂಜಿನ್ ಆಫ್ ಆಯಿತು, ಆದರೆ ಆಫ್ ಆಗುವ ಮೊದಲು ಸ್ವಲ್ಪ ಹೊತ್ತು ಎಳೆದಾಡಿತು. ಗೇರ್ ಕರಕರ ಮಾತ್ರ ಮೊದಲಿಗಿಂತ ಜಾಸ್ತಿಯಾಗಿದೆ. ಹತ್ತು ಎಣಿಸಿದರೂ ಅಷ್ಟೇ. ಎಂಜಿನ್ ಆಫ್ ಮಾಡಿ ಗೇರ್ ಹಾಕಿದರೆ ಬೆಣ್ಣೆಯಂತೆ ಬೀಳುತ್ತದೆ.

ಗ್ರೀಸ್‌ಗನ್

ಒಳ್ಳೆಯದು, ಈಗ ಒಂದೇ ರೋಗ ಉಳಿಯಿತು. ಗೇರ್ ಬಾಕ್ಸಿನದು ತಪ್ಪಿಲ್ಲ ಎಂದೂ ಗೊತ್ತಾಯಿತು. ಇನ್ನು ಹೊರಗಿನಿಂದ ಒಳಕ್ಕೆ ಹೋಗೋಣ.

ಮೊದಲು ಲಿಂಕೇಜ್. ಪೆಡಲ್ ಪಿವೋಟ್, ರಾಡಿನ ಎರಡೂ ತುದಿಯ ಪಿನ್, ಪಿನ್ ಕೂರುವ ತೂತು ನೋಡಿ. ತೂತು ಉದ್ದುದ್ದ ಆಗಿದ್ದರೆ ಪೆಡಲಿನ ಚಲನೆ ಅಲ್ಲೇ ಕಳೆದುಹೋಗುತ್ತದೆ. ಹೌಸಿಂಗಿನಿಂದ ಹೊರಬರುವ ಅಡ್ಡ ಶಾಫ್ಟಿನ ಬುಷ್ ಸವೆದಿದ್ದರೆ ಶಾಫ್ಟ್ ತಿರುಗುವ ಬದಲು ಮೇಲಕ್ಕೆ ಕೆಳಕ್ಕೆ ಆಡುತ್ತದೆ. ಒಬ್ಬರು ಪೆಡಲ್ ಒತ್ತಲಿ, ನೀವು ಶಾಫ್ಟ್ ಮೇಲೆ ಬೆರಳಿಟ್ಟು ನೋಡಿ.

ಆಮೇಲೆ ಫೋರ್ಕ್. ಶಾಫ್ಟ್ ಮತ್ತು ಹೊರಗಿನ ಆರ್ಮ್ ಎರಡರ ಮೇಲೂ ಸೇರುವ ಹಾಗೆ ಒಂದೇ ಬಣ್ಣದ ಗೆರೆ ಎಳೆಯಿರಿ. ಪೆಡಲ್ ಒತ್ತಿದಾಗ ಗೆರೆ ಮುರಿದರೆ ಆರ್ಮ್ ಶಾಫ್ಟ್ ಮೇಲೆ ಜಾರುತ್ತಿದೆ, ಕೀ ಅಥವಾ ಪಿನ್ ಹೋಗಿದೆ. ಒಳಗಡೆ ಫೋರ್ಕನ್ನು ಶಾಫ್ಟಿಗೆ ಹಿಡಿದ ಬೋಲ್ಟ್ ಸಡಿಲ ಆಗಿದ್ದರೂ ಹೀಗೇ. ಆಗ ಶಾಫ್ಟ್ ತಿರುಗುತ್ತದೆ, ಫೋರ್ಕ್ ಹಿಂದೆ ಉಳಿಯುತ್ತದೆ. ಹೊರಗಿನಿಂದ ಇದು ಕಾಣುವುದಿಲ್ಲ, ಹೌಸಿಂಗ್ ಪಕ್ಕದ ಕಿಟಕಿ (ಒಳಗೆ ನೋಡಲು ಇರುವ ಬಿಚ್ಚುವ ಮುಚ್ಚಳ) ಬಿಚ್ಚಬೇಕು.

ಹೈಡ್ರಾಲಿಕ್ ಕ್ಲಚ್ ಇರುವ ಗಾಡಿಯವರು ಇದನ್ನೆಲ್ಲ ನೋಡುವ ಮೊದಲು ಎಣ್ಣೆ ಮಟ್ಟ ನೋಡಿ, ಗಾಳಿ ತೆಗೆಯಿರಿ. ನಿಮ್ಮದು ರಾಡ್, ಹಾಗಾಗಿ ಬಿಡಿ.

ನೊಗ

ಕಿಟಕಿ ಬಿಚ್ಚುವ ಮುನ್ನ ಹೌಸಿಂಗಿನ ಅಡಿಯಲ್ಲಿ ಇರುವ ಸಣ್ಣ ತೂತನ್ನು ಮರೆಯಬೇಡಿ. ಬಹಳ ಟ್ರ್ಯಾಕ್ಟರುಗಳಲ್ಲಿ ಅದರೊಳಗೆ ಸಡಿಲವಾಗಿ ಒಂದು ಕಾಟರ್ ಪಿನ್ ನೇತಾಡುತ್ತಿರುತ್ತದೆ. ಗಾಡಿ ಅಲುಗಾಡಿದಾಗ ಪಿನ್ ಅಲುಗಾಡಿ ತೂತು ಮುಚ್ಚದಂತೆ ನೋಡಿಕೊಳ್ಳಲಿ ಎಂದು ಅದನ್ನು ಇಟ್ಟಿರುವುದು. ಕೆಲವರು ಎಣ್ಣೆ ಸೋರುತ್ತದೆ ಎಂದು ಆ ತೂತಿಗೆ ಬೋಲ್ಟ್ ಹಾಕಿ ಮುಚ್ಚಿಬಿಡುತ್ತಾರೆ. ಅದರಷ್ಟು ಕೆಟ್ಟ ಕೆಲಸ ಇನ್ನೊಂದಿಲ್ಲ. ಹೊರಗೆ ಹೋಗಬೇಕಾದ ಎಣ್ಣೆ ಒಳಗೇ ನಿಂತು ಪ್ಲೇಟಿಗೆ ಎರಚುತ್ತದೆ.

ತೂತಿನಿಂದ ತೊಟ್ಟಿಕ್ಕುವ ಎಣ್ಣೆಯನ್ನು ಬಿಳಿ ಕಾಗದದ ಮೇಲೆ ಹಿಡಿಯಿರಿ. ಕಪ್ಪಗೆ ತೆಳ್ಳಗಿದ್ದರೆ ಎಂಜಿನ್ ಎಣ್ಣೆ, ಅಂದರೆ ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಹೋಗಿದೆ. ಬಣ್ಣ ತಿಳಿಯಾಗಿದ್ದು ಮಂದ ಇದ್ದರೆ, ಗಂಧಕದ ತರಹ ವಾಸನೆ ಬಂದರೆ ಗೇರ್ ಎಣ್ಣೆ, ಅಂದರೆ ಗೇರ್ ಬಾಕ್ಸ್ ಇನ್‌ಪುಟ್ ಶಾಫ್ಟಿನ ಸೀಲ್.

ಕೆಂಪುಮಣ್ಣು

ಲಿಂಕೇಜ್ ಪಿನ್ ಒಂದು ಸವೆದಿತ್ತು, ಬದಲಾಯಿಸಿದೆ. ಬಣ್ಣದ ಗೆರೆ ಮುರಿಯಲಿಲ್ಲ. ಬುಷ್ ಪರವಾಗಿಲ್ಲ.

ಅಡಿಯ ತೂತು ಮಣ್ಣಿನಿಂದ ಪೂರ್ತಿ ಮುಚ್ಚಿಹೋಗಿತ್ತು. ತಂತಿ ಹಾಕಿ ಬಿಡಿಸಿದೆ. ಕಪ್ಪು ಎಣ್ಣೆ ಇಳಿಯಿತು, ಸುಮಾರು ಒಂದು ಟೀ ಲೋಟದಷ್ಟು! ಎಂಜಿನ್ ಎಣ್ಣೆಯೇ.

ಪಕ್ಕದ ಕಿಟಕಿಯನ್ನೂ ಬಿಚ್ಚಿದೆ. ಒಳಗೆ ಏನು ನೋಡಬೇಕು ಹೇಳಿ.

ಗ್ರೀಸ್‌ಗನ್

ಎಂಜಿನ್ ಆಫ್, ಬ್ಯಾಟರಿ ತಂತಿ ಕಳಚಿ, ಗೇರ್ ನ್ಯೂಟ್ರಲ್. ಕೈ ಹಾಕುವ ಮೊದಲು ಇಷ್ಟು ಆಗಲೇಬೇಕು.

ಒಬ್ಬರು ಪೆಡಲನ್ನು ಅರ್ಧದ ಗಟ್ಟಿ ಸಿಗುವವರೆಗೆ ಒತ್ತಿ ಹಿಡಿಯಲಿ. ನಿಮ್ಮದು ಡಬಲ್ ಕ್ಲಚ್, ಆ ಮೊದಲ ಹಂತದಲ್ಲೇ ಚಕ್ರದ ಪ್ಲೇಟ್ ಸಡಿಲ ಆಗಬೇಕು. ಉದ್ದನೆ ಸ್ಕ್ರೂಡ್ರೈವರಿನಿಂದ ಪ್ಲೇಟನ್ನು ನಿಧಾನಕ್ಕೆ ತಿರುಗಿಸಿ ನೋಡಿ. ಎಲ್ಲ ಕಡೆ ಸಲೀಸಾಗಿ ತಿರುಗಿದರೆ ಪ್ಲೇಟ್ ಬಿಟ್ಟಿದೆ. ಹಾಗಿದ್ದೂ ಗೇರ್ ಕರಕರ ಎಂದರೆ ಫ್ಲೈವೀಲ್ ನಡುವಿನ ಪೈಲಟ್ ಬೇರಿಂಗ್ ಜಾಮ್ ಆಗಿ ಶಾಫ್ಟನ್ನು ಎಳೆಯುತ್ತಿದೆ. ಒಂದು ಕಡೆ ಸಡಿಲ, ಇನ್ನೊಂದು ಕಡೆ ಬಿಗಿ ಇದ್ದರೆ ಪ್ಲೇಟ್ ಬಾಗಿದೆ ಅಥವಾ ಫಿಂಗರುಗಳ ಎತ್ತರ ಸಮ ಇಲ್ಲ. ಸುತ್ತಲೂ ಬಿಗಿ ಇದ್ದರೆ ಪ್ಲೇಟಿನ ನಡುವಿನ ಹಬ್ ಶಾಫ್ಟಿನ ಸ್ಪ್ಲೈನ್ (ಉದ್ದುದ್ದ ಹಲ್ಲು) ಮೇಲೆ ತುಕ್ಕು ಹಿಡಿದು ಜರುಗುತ್ತಿಲ್ಲ, ಇಲ್ಲವೇ ಪೆಡಲ್ ಚಲನೆ ಸಾಲುತ್ತಿಲ್ಲ.

ಫಿಂಗರ್ ನೋಡಲು ಪೆಡಲನ್ನು ನಿಧಾನಕ್ಕೆ ಒತ್ತಿಸಿ. ಬೇರಿಂಗ್ ಮೂರು ಫಿಂಗರನ್ನೂ ಒಂದೇ ಸಲ ಮುಟ್ಟಬೇಕು. ಎಂಜಿನ್ನನ್ನು ಫ್ಯಾನ್ ಕಡೆಯಿಂದ ಕೈಯಲ್ಲಿ ತಿರುಗಿಸಿ ಒಂದೊಂದನ್ನೇ ಕಿಟಕಿಗೆ ತಂದುಕೊಂಡು ಫೀಲರ್ ಗೇಜಿನಲ್ಲಿ ಸಂದು ಅಳೆಯಿರಿ.

ಕೆಂಪುಮಣ್ಣು

ಸಿಕ್ಕಿತು ಅನಿಸುತ್ತದೆ. ಎರಡು ಫಿಂಗರ್ ಸರಿಸುಮಾರು ಒಂದೇ ಎತ್ತರ. ಮೂರನೆಯದು ಬೇರಿಂಗಿನಿಂದ ಬಹಳ ದೂರ ಉಳಿದಿದೆ, ಬೇರಿಂಗ್ ಅದನ್ನು ಮುಟ್ಟುವುದೇ ಕೊನೆಗೆ. ಅದರ ಬೋಲ್ಟಿನ ಲಾಕ್ ನಟ್ ಕೈಯಲ್ಲೇ ತಿರುಗುತ್ತಿದೆ. ಪ್ಲೇಟ್ ಕೂಡ ನೀವು ಹೇಳಿದ ಹಾಗೆ ಒಂದು ಕಡೆ ಸಡಿಲ, ಒಂದು ಕಡೆ ಬಿಗಿ. ಲೈನಿಂಗ್ ಅಂಚು ಎಣ್ಣೆಯಲ್ಲಿ ಒದ್ದೆಯಾಗಿದೆ.

ಮೂರನೇ ಗೇರ್

ಹಾಗಾದರೆ ಬಿಚ್ಚುವುದೇ ಬೇಡ. ಫಿಂಗರನ್ನು ಕಿಟಕಿಯಿಂದಲೇ ಸರಿಮಾಡಿ ನಟ್ ಬಿಗಿ ಮಾಡಿ. ಎಣ್ಣೆ ಆಗಿರುವ ಪ್ಲೇಟಿಗೆ ಪೆಟ್ರೋಲ್ ಎರಚಿ ತೊಳೆದರೆ ಆಯಿತು. ಹಾಗೆ ಮಾಡಿದ ಗಾಡಿಗಳು ಓಡುತ್ತಿವೆ.

ಗ್ರೀಸ್‌ಗನ್

ಪೆಟ್ರೋಲ್ ಮಾತು ಬೇಡ ಅಣ್ಣಾ. ಮುಚ್ಚಿದ ಹೌಸಿಂಗಿನೊಳಗೆ ಪೆಟ್ರೋಲ್ ಆವಿ ತುಂಬಿರುತ್ತದೆ, ಪಕ್ಕದಲ್ಲೇ ಸ್ಟಾರ್ಟರ್ ಮೋಟರ್ ಕಿಡಿ ಹಾರಿಸುತ್ತದೆ. ಜನ ಸುಟ್ಟುಕೊಳ್ಳುವುದು ಹೀಗೆಯೇ. ಅಲ್ಲದೆ ಲೈನಿಂಗ್ ಎಣ್ಣೆಯನ್ನು ಒಳಕ್ಕೆ ಹೀರಿಕೊಂಡಿರುತ್ತದೆ. ಮೇಲೆ ತೊಳೆದರೆ ಸ್ವಲ್ಪ ದಿನ ಹಿಡಿಯುತ್ತದೆ, ಬಿಸಿಯಾದಾಗ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಸೀಲ್ ಸೋರುತ್ತಲೇ ಇರುವಾಗ ತೊಳೆದು ಏನು ಪ್ರಯೋಜನ?

ಫಿಂಗರ್ ವಿಷಯದಲ್ಲಿ ನಿಮ್ಮ ಮಾತು ಸರಿ. ಸೋರಿಕೆ ಇಲ್ಲದಿದ್ದರೆ ಕಿಟಕಿಯಿಂದಲೇ ಮುಗಿಸಬಹುದಿತ್ತು. ಇಲ್ಲಿ ಹಿಂದಿನ ಸೀಲ್ ಬದಲಿಸಲೇಬೇಕು, ಅದಕ್ಕೆ ಬೇರೆ ದಾರಿ ಇಲ್ಲ. ಈಗ ಬಿಚ್ಚಿಸಿ ಕೆಂಪುಮಣ್ಣು ಅವರೇ. ಮೆಕ್ಯಾನಿಕ್ ಹೇಳಿದ್ದೂ ಬಿಚ್ಚಿ ಎಂದೇ. ಆದರೆ ಸೀಲ್ ನೋಡದೆ ಹೊಸ ಪ್ಲೇಟ್ ಹಾಕಿದ್ದರೆ ಅದೂ ಎಣ್ಣೆ ಕುಡಿದು ಹಾಳಾಗುತ್ತಿತ್ತು.

ನೊಗ

ಬಿಚ್ಚುವಾಗಿನ ಜೀವದ ಮಾತು ಒಂದು ಹೇಳುತ್ತೇನೆ, ದಯವಿಟ್ಟು ಯಾರೂ ಹಗುರಾಗಿ ತೆಗೆದುಕೊಳ್ಳಬೇಡಿ. ಇಂಥ ಟ್ರ್ಯಾಕ್ಟರಿಗೆ ಚಾಸಿಸ್ ಇಲ್ಲ, ಎಂಜಿನ್ ಮತ್ತು ಗೇರ್ ಬಾಕ್ಸೇ ಬೆನ್ನುಮೂಳೆ. ಮುಂದಿನ ಆಕ್ಸಲ್ ನಡುವಿನ ಒಂದೇ ಪಿನ್ ಮೇಲೆ ತೂಗುತ್ತದೆ. ಮಧ್ಯದ ಬೋಲ್ಟ್ ಬಿಚ್ಚಿದ ಕ್ಷಣ ಎಂಜಿನ್ ಭಾಗ ಪಕ್ಕಕ್ಕೆ ಮಗುಚಬಹುದು. ಹಾಗಾಗಿ ಮೊದಲು ಆಕ್ಸಲ್ ಮತ್ತು ಅದರ ಮೇಲಿನ ಬ್ರಾಕೆಟ್ ನಡುವೆ ಎರಡೂ ಪಕ್ಕ ಗಟ್ಟಿ ಮರದ ಬೆಣೆ ಬಡಿಯಿರಿ. ಹಿಂದಿನ ಚಕ್ರಕ್ಕೆ ಮುಂದೆ ಹಿಂದೆ ಅಡ್ಡ ಕೊಡಿ. ಗೇರ್ ಬಾಕ್ಸ್ ಅಡಿಗೆ ಸ್ಟ್ಯಾಂಡ್, ಎಂಜಿನ್ ಅಡಿಗೆ ಗಾಲಿ ಇರುವ ಗಟ್ಟಿ ಜ್ಯಾಕ್. ನೆಲ ಕಾಂಕ್ರೀಟ್ ಇರಲಿ. ಮಣ್ಣಿನ ನೆಲದಲ್ಲಿ ಜ್ಯಾಕ್ ಕುಸಿಯುತ್ತದೆ. ಕಲ್ಲು, ಇಟ್ಟಿಗೆ ಪೇರಿಸಿ ಮಾಡುವ ಕೆಲಸ ಇದಲ್ಲ.

ಡೀಸೆಲ್ ಪೈಪ್, ವೈರಿಂಗ್, ಸ್ಟೀರಿಂಗ್ ರಾಡ್, ಹೈಡ್ರಾಲಿಕ್ ಪೈಪ್ ಎಲ್ಲ ಕಳಚಿದೆಯಾ ಎಂದು ಎರಡೆರಡು ಸಲ ನೋಡಿ ಆಮೇಲೆ ಸರಿಸಿ.

ಗ್ರೀಸ್‌ಗನ್

ತೆರೆದ ಮೇಲೆ ಕಾಣುವ ದೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಹಳೇ ಲೈನಿಂಗುಗಳಲ್ಲಿ ಆಸ್‌ಬೆಸ್ಟಾಸ್ ಇರುತ್ತಿತ್ತು, ಅದರ ದೂಳು ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ, ಮಾಸ್ಕ್ ಹಾಕಿಕೊಳ್ಳಿ.

ಗಾಡಿ ತೆರೆದಾಗ ಎರಡೂ ಸೀಲ್ ಬದಲಿಸಿ, ಸೋರದ ಗೇರ್ ಬಾಕ್ಸಿನದೂ ಸೇರಿ. ಪೈಲಟ್ ಬೇರಿಂಗ್ ಮತ್ತು ರಿಲೀಸ್ ಬೇರಿಂಗ್ ಕೂಡ. ಇವುಗಳ ಬೆಲೆ ಮತ್ತೊಮ್ಮೆ ಬಿಚ್ಚುವ ಕೂಲಿಯ ಮುಂದೆ ಏನೂ ಅಲ್ಲ. ಹೊಸ ರಿಲೀಸ್ ಬೇರಿಂಗನ್ನು ಡೀಸೆಲ್ ಅಥವಾ ಪೆಟ್ರೋಲಿನಲ್ಲಿ ಅದ್ದಿ ತೊಳೆಯಬೇಡಿ, ಒಳಗಿನ ಗ್ರೀಸ್ ಕರಗಿ ಹೋಗುತ್ತದೆ.

ಫ್ಲೈವೀಲ್ ಮೇಲೆ ನೀಲಿ ಕಲೆ, ಸಣ್ಣ ಬಿರುಕು, ಆಳದ ಗೆರೆ ಇದ್ದರೆ ಲೇತಿಗೆ ಕೊಡಿ. ಒಂದು ಎಚ್ಚರಿಕೆ: ಕೆಲವು ಫ್ಲೈವೀಲುಗಳಲ್ಲಿ ಪ್ಲೇಟ್ ಕೂರುವ ಮುಖಕ್ಕೂ ಕವರ್ ಕೂರುವ ಅಂಚಿಗೂ ನಡುವೆ ಮೆಟ್ಟಿಲು ಇರುತ್ತದೆ. ಒಳಮುಖದಿಂದ ಎಷ್ಟು ತೆಗೆದರೋ ಅಂಚಿನಿಂದಲೂ ಅಷ್ಟೇ ತೆಗೆಯಬೇಕು. ಇಲ್ಲದಿದ್ದರೆ ಸ್ಪ್ರಿಂಗ್ ಒತ್ತಡ ಕಡಿಮೆಯಾಗಿ ಹೊಸ ಕ್ಲಚ್ಚೇ ಜಾರುತ್ತದೆ. ಹೊಸ ಸೆಟ್ ಹಾಕಿದ ಮೇಲೂ ಜಾರುತ್ತದೆ ಎಂಬ ದೂರುಗಳ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ.

ಸ್ಪ್ಲೈನಿಗೆ ಗ್ರೀಸ್ ತೆಳ್ಳಗೆ ಸವರಿ, ಮಿಕ್ಕಿದ್ದನ್ನು ಒರೆಸಿಬಿಡಿ. ಜಾಸ್ತಿ ಆದರೆ ತಿರುಗುವಾಗ ಸಿಡಿದು ಲೈನಿಂಗಿಗೇ ಹೋಗುತ್ತದೆ. ಪ್ಲೇಟಿನ ಯಾವ ಮುಖ ಫ್ಲೈವೀಲ್ ಕಡೆ ಎಂದು ಅದರ ಮೇಲೇ ಗುರುತಿರುತ್ತದೆ. ತಿರುಗುಮುರುಗು ಹಾಕಿದರೆ ಹಬ್ ತಾಗಿ ಕ್ಲಚ್ ಬಿಡುವುದೇ ಇಲ್ಲ.

ಮೂರನೇ ಗೇರ್

ಪೆಟ್ರೋಲ್ ಬಗ್ಗೆ ಹೇಳಿದ್ದು ಒಪ್ಪುತ್ತೇನೆ, ಸ್ಟಾರ್ಟರ್ ಕಿಡಿಯ ಮಾತು ಸರಿಯೇ. ಜೋಡಿಸುವಾಗಿನದು ನಾನು ಸೇರಿಸುತ್ತೇನೆ. ಪ್ಲೇಟ್ ನಡುವಿಗೆ ಕೂರಲು ಅಲೈನ್‌ಮೆಂಟ್ ಶಾಫ್ಟ್ ಬಳಸಿ, ಡಬಲ್ ಕ್ಲಚ್ಚಿನಲ್ಲಿ ಎರಡು ಪ್ಲೇಟ್ ಇರುವುದರಿಂದ ಕಣ್ಣಂದಾಜು ನಡೆಯುವುದಿಲ್ಲ. ಕವರ್ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಎರಡು ಭಾಗ ಸೇರಿಸುವಾಗ ಕೊನೆಯ ಒಂದೆರಡು ಅಂಗುಲ ಸೇರದಿದ್ದರೆ ಬೋಲ್ಟ್ ಹಾಕಿ ಎಳೆಯಲೇಬಾರದು. ಪ್ಲೇಟಿನ ಹಬ್ ಒಡೆಯುತ್ತದೆ, ಹೌಸಿಂಗ್ ಕಿವಿಯೂ ಮುರಿಯಬಹುದು. ಎಂಜಿನ್ನನ್ನೋ ಪಿಟಿಒ ಶಾಫ್ಟನ್ನೋ ಕೈಯಲ್ಲಿ ಸ್ವಲ್ಪ ತಿರುಗಿಸುತ್ತಾ ತಳ್ಳಿ. ಹಲ್ಲು ಹಲ್ಲಿಗೆ ಕೂತರೆ ತಾನಾಗಿ ಒಳಗೆ ಹೋಗುತ್ತದೆ.

ಕೆಂಪುಮಣ್ಣು

ಬಿಚ್ಚಿಸಿ ಜೋಡಿಸಿ ಆಯಿತು. ಹಿಂದಿನ ಸೀಲ್ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಪೈಲಟ್ ಬೇರಿಂಗ್ ಒಣಗಿ ಗರಗರ ಎನ್ನುತ್ತಿತ್ತು, ಅದನ್ನೂ ಬದಲಿಸಿದೆವು. ಫಿಂಗರ್ ಎತ್ತರ ಗೇಜ್ ಇಟ್ಟು ಮೂರನ್ನೂ ಸಮ ಮಾಡಿದರು. ಮೆಕ್ಯಾನಿಕ್ ಜೊತೆ ನಾನೂ ನಿಂತು ನೋಡಿದೆ. ಈಗ ರಿವರ್ಸ್ ಶಬ್ದವಿಲ್ಲದೆ ಬೀಳುತ್ತದೆ, ಲೋಡ್ ಎಳೆಯುತ್ತದೆ. ಎಲ್ಲರಿಗೂ ತುಂಬಾ ಧನ್ಯವಾದ.

ಉಳಿದ ಒಂದೇ ಪ್ರಶ್ನೆ. ಪೆಡಲನ್ನು ಪೂರ್ತಿ ತಳಕ್ಕೆ ಒತ್ತಿದರೂ ಪಿಟಿಒ ನಿಧಾನಕ್ಕೆ ತಿರುಗುತ್ತಲೇ ಇರುತ್ತದೆ.

ಗ್ರೀಸ್‌ಗನ್

ಡಬಲ್ ಕ್ಲಚ್ಚಿನಲ್ಲಿ ಪೆಡಲಿಗೆ ಎರಡು ಹಂತ. ಮ್ಯಾಸಿ ಫರ್ಗ್ಯುಸನ್ 35, 135 ತರಹದ ಗಾಡಿಗಳಲ್ಲಿ ಅರ್ಧ ಒತ್ತಿದರೆ ಚಕ್ರ ನಿಲ್ಲುತ್ತದೆ, ಪಿಟಿಒ ಮತ್ತು ಲಿಫ್ಟಿನ ಪಂಪ್ ಓಡುತ್ತಿರುತ್ತವೆ. ಪೂರ್ತಿ ಒತ್ತಿದರೆ ಅವೂ ನಿಲ್ಲಬೇಕು. ಎರಡನೇ ಹಂತಕ್ಕೆ ಬೇರೆ ಅಡ್ಜಸ್ಟ್ ಬೋಲ್ಟುಗಳಿವೆ, ಕಿಟಕಿಯಿಂದಲೇ ಸಿಗುತ್ತವೆ. ಅವುಗಳ ಸಂದು ಜಾಸ್ತಿ ಇದ್ದರೆ ಪೆಡಲ್ ತಳ ಮುಟ್ಟಿದರೂ ಪಿಟಿಒ ಪ್ಲೇಟ್ ಪೂರ್ತಿ ಬಿಡುವುದಿಲ್ಲ. ನಿಮ್ಮ ಮಾದರಿಯ ಪುಸ್ತಕದ ಅಳತೆಗೆ ಎಲ್ಲವನ್ನೂ ಸಮ ಇಡಿಸಿ. ತಣ್ಣನೆ ಎಣ್ಣೆಯ ಎಳೆತಕ್ಕೆ ಖಾಲಿ ಶಾಫ್ಟ್ ಸ್ವಲ್ಪ ತಿರುಗುವುದೂ ಇದೆ. ಆದರೆ ಅದು ಬಹಳ ದುರ್ಬಲ, ಯಂತ್ರ ಸಿಕ್ಕಿಸಿದರೆ ನಿಲ್ಲುತ್ತದೆ. ತಿರುಗುವ ಶಾಫ್ಟನ್ನು ಕೈಯಲ್ಲೋ ಕಾಲಲ್ಲೋ ಹಿಡಿದು ಪರೀಕ್ಷೆ ಮಾಡಲು ಮಾತ್ರ ಹೋಗಬೇಡಿ.

ಹೊಸ ಲೈನಿಂಗ್ ಮೊದಲು ಬೇಗ ಕೂರುತ್ತದೆ, ಪ್ಲೇ ಕಡಿಮೆಯಾಗುತ್ತದೆ. ಮೊದಲ ಹತ್ತು ಗಂಟೆ ಕೆಲಸ ಆದ ಮೇಲೆ ಒಮ್ಮೆ, ಐವತ್ತು ಗಂಟೆಗೆ ಇನ್ನೊಮ್ಮೆ ಅಳೆದು ಸರಿಮಾಡಿ.

ಬದುವಿನ ಹುಲ್ಲು

ಕಪ್ಲರ್ ತರಿಸುತ್ತಿದ್ದೇನೆ, ನೊಗ ಅವರೇ. ಇನ್ನೊಂದು ಕೇಳಬೇಕಿತ್ತು. ಮಳೆಗಾಲ ಪೂರ್ತಿ ನಿಂತ ಗಾಡಿಯಲ್ಲಿ ಕ್ಲಚ್ ಅಂಟಿಕೊಂಡರೆ ಗೇರ್ ಹಾಕಿಯೇ ಸ್ಟಾರ್ಟ್ ಮಾಡಿ ಎಳೆದಾಡಿಸಿ ಬಿಡಿಸುತ್ತಾರೆ. ಅದು ಸರಿಯೇ?

ನೊಗ

ಬೇಡ. ಗೇರಿನಲ್ಲಿ ಸ್ಟಾರ್ಟ್ ಆದ ಕೂಡಲೇ ಗಾಡಿ ಜಿಗಿಯುತ್ತದೆ, ಬ್ರೇಕ್ ಹಿಡಿಯುವಷ್ಟರಲ್ಲಿ ಎದುರಿಗಿದ್ದವರ ಮೇಲೆ ಹೋಗಿರುತ್ತದೆ. ಕೆಳಗೆ ನಿಂತು ಸ್ಟಾರ್ಟರ್ ತುದಿಗಳಿಗೆ ಸ್ಕ್ರೂಡ್ರೈವರ್ ಇಟ್ಟು ಸ್ಟಾರ್ಟ್ ಮಾಡುವವರು ಹೀಗೇ ಸಾಯುತ್ತಾರೆ.

ಕಿಟಕಿ ಇದ್ದರೆ ಪೆಡಲನ್ನು ಒತ್ತಿ ಕಟ್ಟಿ, ತೆಳ್ಳನೆ ಪುಟ್ಟಿ ಬ್ಲೇಡನ್ನು ಪ್ಲೇಟ್ ಮತ್ತು ಫ್ಲೈವೀಲ್ ನಡುವೆ ಮೆಲ್ಲಗೆ ತೂರಿಸುತ್ತಾ ಸುತ್ತಲೂ ಬನ್ನಿ. ಎಂಜಿನ್ನನ್ನು ಕೈಯಲ್ಲೇ ಸ್ವಲ್ಪ ಸ್ವಲ್ಪ ತಿರುಗಿಸಿಕೊಳ್ಳಿ. ಅಂಟಿದ್ದು ಟಕ್ ಎಂದು ಬಿಡುತ್ತದೆ. ಕಿಟಕಿ ಇಲ್ಲದಿದ್ದರೆ ನ್ಯೂಟ್ರಲ್‌ನಲ್ಲಿ ಎಂಜಿನ್ ಚೆನ್ನಾಗಿ ಬಿಸಿಯಾಗುವ ತನಕ ಓಡಿಸಿ, ಆಫ್ ಮಾಡಿ, ಪೆಡಲ್ ಒತ್ತಿ ಕಟ್ಟಿ ಒಂದು ರಾತ್ರಿ ಬಿಡಿ. ಸಣ್ಣ ಅಂಟು ಇಷ್ಟಕ್ಕೇ ಬಿಟ್ಟಿದ್ದೂ ಇದೆ. ಬಿಡದಿದ್ದರೆ ಮೆಕ್ಯಾನಿಕ್ ಕರೆಸಿ.

ಮತ್ತೆ ಅಂಟದ ಹಾಗೆ, ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ ಪೆಡಲನ್ನು ಒತ್ತಿ ಮರದ ತುಂಡು ಕೊಟ್ಟು ನಿಲ್ಲಿಸಿ. ಹಲವು ಕಂಪನಿಗಳ ಪುಸ್ತಕದಲ್ಲೇ ಹೀಗೆ ಬರೆದಿರುತ್ತದೆ. ಸ್ಪ್ರಿಂಗ್ ಕೆಡುತ್ತದೆ ಎಂದು ಹೆದರಬೇಡಿ. ಕೆಂಪುಮಣ್ಣು ಅವರೇ, ನಿಮ್ಮದು ಡಬಲ್ ಕ್ಲಚ್, ಅರ್ಧ ಸಾಲದು, ಪೂರ್ತಿ ತಳದವರೆಗೆ ಒತ್ತಿ ಕಟ್ಟಿ. ಪೆಡಲ್ ಕಟ್ಟಿದ ಮೇಲೆ ಗಾಡಿಯನ್ನು ಗೇರ್ ಹಿಡಿದು ನಿಲ್ಲಿಸುವುದಿಲ್ಲ, ಹಾಗಾಗಿ ಹ್ಯಾಂಡ್‌ಬ್ರೇಕ್ ಹಾಕಿ ಚಕ್ರಕ್ಕೆ ಅಡ್ಡ ಕೊಡಿ, ಮತ್ತು ಸ್ಟೀರಿಂಗಿಗೆ ಒಂದು ಚೀಟಿ ಕಟ್ಟಿ, ಬೇರೆಯವರು ಬಂದು ಸ್ಟಾರ್ಟ್ ಮಾಡುವ ಮೊದಲು ಅವರಿಗೆ ಗೊತ್ತಾಗಲಿ.